ಕಾಲೇಜಿಗೆ ಹೋದವರ ಮೂರು ಪುಸ್ತಕಗಳು

ಎಸ್ಸೆಸ್ಸೆಲ್ಸಿ, ಪ್ಲಸ್ ಟು ಫಲಿತಾಂಶ ಬಂದ ಮೇಲೆ ನಮ್ಮ ಕಾಸರಗೋಡಿನ ಕಡೆಯ ವಾಚನಾಲಯಗಳಲ್ಲಿ ಒಂದು ಸಭೆ ಇದ್ದೇ ಇರುತ್ತದೆ. ಎ ಪ್ಲಸ್ ಬಂದ ಮಕ್ಕಳಿಗೆ ಸನ್ಮಾನ. ಒಂದು ಫಲಕ, ಒಂದು ಪುಸ್ತಕ, ಆಮೇಲೆ ಚಾ. ವೇದಿಕೆಯಲ್ಲಿ ನಾಲ್ಕು ಮಂದಿ ಕೂತಿದ್ದರೆ ನಾಲ್ವರೂ ಒಂದೇ ಮಾತು ಹೇಳುತ್ತಾರೆ: ಜೀವನದಲ್ಲಿ ಒಂದು ಗುರಿ ಇಟ್ಟುಕೊಳ್ಳಿ, ಗುರಿ ಇಲ್ಲದವನು ಚುಕ್ಕಾಣಿ ಇಲ್ಲದ ಹಡಗು. ಪುಸ್ತಕ ಆರಿಸುವಾಗಲೂ ಅದೇ ಲೆಕ್ಕ. ದೊಡ್ಡವರ ಆತ್ಮಕಥೆ ಕೊಟ್ಟರೆ ಮಕ್ಕಳಿಗೆ ಗುರಿ ಸಿಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಉಂಟು.

ಈ ನಂಬಿಕೆ ಎಷ್ಟು ಸಮ ಅಂತ ತಿಳಿಯಬೇಕಾದರೆ ಭಾಷಣ ಬಿಟ್ಟು ಆ ಪುಸ್ತಕಗಳನ್ನೇ ಬಿಡಿಸಿ ನೋಡಬೇಕು. ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’, ಎಸ್. ಎಲ್. ಭೈರಪ್ಪನವರ ‘ಭಿತ್ತಿ’, ಸಿದ್ಧಲಿಂಗಯ್ಯನವರ ‘ಊರುಕೇರಿ’ – ಈ ಮೂರನ್ನು ಎತ್ತಿಕೊಂಡಿದ್ದೇನೆ. ಮೂರರಲ್ಲೂ ಹಳ್ಳಿಯ ಒಬ್ಬ ಹುಡುಗ ಪೇಟೆಗೆ ಬಂದು ಕಾಲೇಜು ಸೇರುತ್ತಾನೆ, ಮುಂದೆ ಎಂ.ಎ. ಮಾಡುತ್ತಾನೆ, ಕೊನೆಗೆ ತಾನೇ ಮೇಷ್ಟರಾಗುತ್ತಾನೆ. ಒಳಗೆ ಹೋದ ಹುಡುಗ ಒಬ್ಬ, ಹೊರಗೆ ಬಂದವನು ಇನ್ನೊಬ್ಬ. ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳ ‘ದುಡಿತವೇ ನನ್ನ ದೇವರು’ ಯಾಕೆ ಸೇರಿಸಲಿಲ್ಲ ಎಂದು ಯಾರಾದರೂ ಕೇಳಿಯಾರು. ಅದು ಮಣ್ಣಿನ, ಮೇಷ್ಟರಿಕೆಯ, ಹೋರಾಟದ ಕಥೆ. ಅದಕ್ಕೆ ಬೇರೆಯೇ ಬರೆಯಬೇಕು. ಇಲ್ಲಿ ನನ್ನ ಪ್ರಶ್ನೆ ಕಾಲೇಜಿನದ್ದು ಮಾತ್ರ: ಅಲ್ಲಿ ಒಬ್ಬನಿಗೆ ದಾರಿ ಸಿಗುವುದು ಹೇಗೆ, ಮತ್ತು ಸಿಕ್ಕಿದ್ದನ್ನು ಈ ಲೇಖಕರು ನಮಗೆ ಹೇಳುವುದು ಹೇಗೆ.

ಎರಡನೆಯ ಪ್ರಶ್ನೆಯಿಂದ ಸುರು ಮಾಡುತ್ತೇನೆ. ನಮ್ಮ ತಾಳಮದ್ದಳೆ ಕೇಳುವವರಿಗೆ ಅದು ಬೇಗ ಅರ್ಥವಾದೀತು. ‘ಕರ್ಣಭೇದನ’ದಲ್ಲಿ ಕರ್ಣನ ಅರ್ಥ ಹೇಳುವವರಿಗೆ ಕರ್ಣ ಯಾರ ಮಗ ಎಂಬುದು ಗೊತ್ತಿಲ್ಲವೇ? ಗೊತ್ತುಂಟು. ಚಪ್ಪರದಲ್ಲಿ ಕೂತ ಮಕ್ಕಳಿಗೂ ಗೊತ್ತುಂಟು. ಆದರೆ ಕೃಷ್ಣ ಬಾಯಿ ಬಿಟ್ಟು ಹೇಳುವವರೆಗೆ ಆ ತಿಳುವಳಿಕೆ ಕರ್ಣನ ಮಾತಿನಲ್ಲಿ ಇಣುಕಬಾರದು. ಇಣುಕಿದರೆ ಹಿರಿಯ ಕೇಳುಗರು ಅಲ್ಲೇ ಮುಖ ಹುಳಿ ಮಾಡುತ್ತಾರೆ. ಆತ್ಮಕಥೆ ಬರೆಯುವವನ ಕಷ್ಟವೂ ಇದೇ. ಅರುವತ್ತು ದಾಟಿದ ಮೇಲೆ ಹದಿನೆಂಟರ ಕಥೆ ಬರೆಯಲು ಕೂತವನಿಗೆ ಪ್ರಸಂಗದ ಕೊನೆ ಗೊತ್ತು. ತಾನು ಕವಿಯಾದದ್ದು, ಪ್ರಶಸ್ತಿ ಬಂದದ್ದು, ಎಲ್ಲ ಗೊತ್ತು. ಆ ಕೊನೆಯನ್ನು ಹುಡುಗನ ಬಾಯಿಗೆ ಮೊದಲೇ ತುರುಕದೆ ಇರುವುದು ದೊಡ್ಡ ಸಂಯಮ. ಎಷ್ಟೋ ಆತ್ಮಕಥೆಗಳಲ್ಲಿ ಮೂರನೇ ಕ್ಲಾಸಿನ ಹುಡುಗನೇ ಮುಂದಿನ ಮಹಾಪುರುಷನ ಹಾಗೆ ನಡೆಯುತ್ತಾನೆ. ಅಂಥದ್ದನ್ನು ಓದಿದ ಮಕ್ಕಳಿಗೆ ಆಗುವುದು ಹೆದರಿಕೆ. ನನಗೆ ಈಗಲೇ ಗುರಿ ಇಲ್ಲ, ಹಾಗಾದರೆ ನನ್ನ ಕಥೆ ಮುಗಿಯಿತು ಎಂಬ ಹೆದರಿಕೆ.

ಕುವೆಂಪು ಅವರ ಪುಸ್ತಕದಲ್ಲಿ ಈ ಕಷ್ಟ ಎಲ್ಲಕ್ಕಿಂತ ಹೆಚ್ಚು, ಅದಕ್ಕೆ ಮದ್ದೂ ಅಲ್ಲಿಯೇ ಉಂಟು. 1980ರಲ್ಲಿ ಬಂದ ಈ ದೊಡ್ಡ ಗಾತ್ರದ ಪುಸ್ತಕದಲ್ಲಿ ಇಬ್ಬರು ಮಾತಾಡುತ್ತಾರೆ. ಒಬ್ಬರು ಜ್ಞಾನಪೀಠ ಬಂದ, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ ನಿವೃತ್ತರಾದ ಹಿರಿಯ ಕವಿ. ಅವರಿಗೆ ನಡೆದದ್ದೆಲ್ಲ ದೈವಕೃಪೆಯಾಗಿ, ಮೊದಲೇ ಗೆರೆ ಎಳೆದು ಇಟ್ಟದ್ದಾಗಿ ಕಾಣುತ್ತದೆ. ಇನ್ನೊಬ್ಬ ಇಪ್ಪತ್ತರ ಆಚೀಚೆಯ ಹುಡುಗ ಪುಟ್ಟಪ್ಪ. ಅವನ ದಿನಚರಿಯ ಪುಟಗಳನ್ನು ಹಿರಿಯರು ಪುಸ್ತಕದ ಒಳಗೆ ಅಲ್ಲಲ್ಲಿ ಹಾಕಿದ್ದಾರೆ. ಹುಡುಗನಿಗೆ ಮುಂದೇನೂ ಗೊತ್ತಿಲ್ಲ. ಇವತ್ತು ಇಂಥ ಪುಸ್ತಕ ಓದಿದೆ, ಇಂಥ ಗೆಳೆಯ ಬಂದ, ತಿರುಗಾಡಲು ಹೋದೆ, ಮನಸ್ಸು ಸರಿಯಿಲ್ಲ – ಇಷ್ಟೇ. ಹಿರಿಯರು ಬರೆದ ಭಾಗ ಓದಿ ಭಕ್ತಿ ಹುಟ್ಟಬಹುದು. ಕಾಲೇಜು ಸೇರುವ ಹುಡುಗ ಹುಡುಗಿಗೆ ಜೊತೆಯಾಗುವವನು ಮಾತ್ರ ದಿನಚರಿಯ ಪುಟ್ಟಪ್ಪ.

ಜೇಮ್ಸ್ ಕಸಿನ್ಸ್ ಪ್ರಸಂಗ ಎಲ್ಲ ಮೇಷ್ಟ್ರುಗಳಿಗೂ ಗೊತ್ತಿದ್ದದ್ದೇ. ಕನ್ನಡ ರಾಜ್ಯೋತ್ಸವದ ಭಾಷಣದಲ್ಲಿ ಅದು ಬಾರದ ವರ್ಷ ಇಲ್ಲ. ಕುಪ್ಪಳಿಯ ಹುಡುಗ ಮೈಸೂರಿನಲ್ಲಿ ಓದುತ್ತ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಪುಸ್ತಿಕೆಯೂ ಬಂದಿತ್ತು. 1924ರಲ್ಲಿ ಐರಿಷ್ ಕವಿ ಕಸಿನ್ಸ್ ಮೈಸೂರಿಗೆ ಬಂದಾಗ ತನ್ನ ಪದ್ಯ ತೋರಿಸಿದ. ಅವರು ಓದಿ, ನಿನ್ನ ಭಾಷೆಯಲ್ಲಿ ಬರೆ ಎಂದರು. ಭಾಷಣಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ. ಗುಂಡಿ ಒತ್ತಿದರೆ ದೀಪ ಹೊತ್ತಿದ ಹಾಗೆ.

ಪುಸ್ತಕದಲ್ಲಿ ಇರುವುದು ಅಷ್ಟು ಸುಲಭದ ಕಥೆ ಅಲ್ಲ ಮಾರಾಯರೇ. ಮೊದಲನೆಯದಾಗಿ, ಆ ಹುಡುಗನಿಗೆ ಒಂದು ಗುರಿ ಇತ್ತು. ಇಂಗ್ಲಿಷ್ ಕವಿ ಆಗಬೇಕು ಎಂಬ ಗಟ್ಟಿ ಗುರಿ. ನಮ್ಮ ವೇದಿಕೆಯವರು ಕಂಡಿದ್ದರೆ ಭೇಷ್ ಎನ್ನುತ್ತಿದ್ದರು. ಆ ಗುರಿ ಅಲ್ಲಿ ಪೆಟ್ಟು ತಿಂದಿತು. ಹುಡುಗ ಹೋದದ್ದು ಹೊಗಳಿಕೆ ಸಿಗುತ್ತದೆ ಎಂದು, ತಿರುಗಿ ಬಂದದ್ದು ನಿರಾಸೆಯಿಂದ. ಎರಡನೆಯದಾಗಿ, ಆ ದಿನದಿಂದ ಎಲ್ಲವೂ ಕನ್ನಡವಾಗಲಿಲ್ಲ. ಕವಿತೆ ಕನ್ನಡಕ್ಕೆ ತಿರುಗಿತು, ನಿಜ. ಆದರೆ ದಿನಚರಿ ಆಮೇಲೂ ಇಂಗ್ಲಿಷಿನಲ್ಲೇ ನಡೆದಿದೆ! ರಾತ್ರಿ ಒಬ್ಬನೇ ಕೂತು ತನ್ನೊಂದಿಗೆ ಮಾತಾಡುವಾಗ ಅವನಿಗೆ ಬರುತ್ತಿದ್ದದ್ದು ಕಲಿತ ಭಾಷೆ. ಇದನ್ನು ಕುವೆಂಪು ಮುಚ್ಚಿಡಲಿಲ್ಲ, ಅದೇ ಪುಟಗಳನ್ನು ಎದುರಿಗೆ ಇಟ್ಟರು. ಒಬ್ಬ ಮನುಷ್ಯ ತಿರುಗುವುದು ದೋಣಿ ತಿರುಗಿದ ಹಾಗೆ ನಿಧಾನಕ್ಕೆ; ಮೂತಿ ಒಂದು ಕಡೆ ಇರುತ್ತದೆ, ಹಿಂಬದಿ ಇನ್ನೂ ಹಳೆಯ ಕಡೆಗೇ ಇರುತ್ತದೆ. ಆ ಎಡೆಬಿಡಂಗಿ ಕಾಲವನ್ನು ಇಷ್ಟು ವಿವರವಾಗಿ ತೋರಿಸುವ ಪುಸ್ತಕ ಕನ್ನಡದಲ್ಲಿ ನನಗೆ ಬೇರೆ ಕಂಡಿಲ್ಲ.

ಇನ್ನೊಂದು ಸಂಗತಿ. ಸಂತೇಪೇಟೆಯ ಆನಂದಮಂದಿರದ ಕೋಣೆಯಲ್ಲಿ ಹುಡುಗ ಕಾಯಿಲೆ ಬಿದ್ದಾಗ ನೋಡಿಕೊಂಡು, ಆಮೇಲೆ ಆಶ್ರಮಕ್ಕೆ ಕರೆದುಕೊಂಡು ಹೋದವರು ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು. ಇವರೇ ಮುಂದೆ 1937ರಲ್ಲಿ ಫ್ರಾನ್ಸಿಗೆ ಹೋಗಿ ಅಲ್ಲಿ ವೇದಾಂತ ಹೇಳಿದವರು. ಹಿರಿಯ ಕವಿ ಇದನ್ನು ಗುರುಕೃಪೆ ಎಂದು ಬರೆಯುತ್ತಾರೆ. ಅವರ ನಂಬಿಕೆಗೆ ನಾವು ಅಡ್ಡ ಬರುವುದು ಬೇಡ. ಆದರೆ ಓದುಗರಾಗಿ ನಾವು ಇನ್ನೊಂದನ್ನೂ ಕಾಣಬೇಕು: ಮಲೆನಾಡಿನಿಂದ ಬಂದ, ಹೋಟೆಲಿನ ಊಟದಲ್ಲಿ ದಿನ ನೂಕುತ್ತಿದ್ದ ಒಬ್ಬ ವಿದ್ಯಾರ್ಥಿಗೆ ಹೊತ್ತಿಗೆ ಸರಿಯಾದ ಊಟ, ಮಲಗಲು ಸ್ವಚ್ಛ ಜಾಗ, ಕೇಳಿಸಿಕೊಳ್ಳುವ ಒಬ್ಬ ದೊಡ್ಡವರು ಸಿಕ್ಕಿದರು. ಓದು, ಬರಹ, ಧ್ಯಾನ ಎಲ್ಲ ಆಮೇಲೆ ನೆಲೆಗೊಂಡದ್ದು.

ಮತ್ತೆ ಕನ್ನಡ ಎಂ.ಎ. ಪುಟ್ಟಪ್ಪ ಬಿ.ಎ.ಯಲ್ಲಿ ಓದಿದ್ದು ತತ್ತ್ವಶಾಸ್ತ್ರ. ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮುಗಿದದ್ದು 1927ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿ ಆಗ ಹನ್ನೊಂದು ವರ್ಷ. ಕನ್ನಡಕ್ಕೆ ಎಂ.ಎ. ತರಗತಿ ಸುರುವಾದದ್ದು ಆ ಹೊತ್ತಿನಲ್ಲೇ. ಮೊದಲ ತಂಡದಲ್ಲೇ ಸೇರಿ 1929ರಲ್ಲಿ ಮುಗಿಸಿ ಅಲ್ಲಿಯೇ ಅಧ್ಯಾಪಕರಾದರು. ಬಿ. ಎಂ. ಶ್ರೀಕಂಠಯ್ಯ, ಟಿ. ಎಸ್. ವೆಂಕಣ್ಣಯ್ಯನವರಂಥವರು ಆ ತರಗತಿಯ ಗುರುಗಳು. ‘ಶ್ರೀ ರಾಮಾಯಣ ದರ್ಶನಂ’ ಅರ್ಪಣೆಯಾದದ್ದು ವೆಂಕಣ್ಣಯ್ಯನವರಿಗೆ. ನಾಲ್ಕು ವರ್ಷ ಮೊದಲು ಹುಟ್ಟಿದ್ದರೆ ಆ ತರಗತಿಯೇ ಇರುತ್ತಿರಲಿಲ್ಲ. ಹುಡುಗನ ಒಳಗೆ ಎಷ್ಟೇ ಇದ್ದರೂ ಹೊರಗೆ ಯಾರೋ ಹೋಗಿ ಜಗಳ ಮಾಡಿ, ಒಂದು ತರಗತಿ ತೆರೆದು, ಬಾಗಿಲು ಹಾಕದೆ ಇಡಬೇಕಾಗುತ್ತದೆ. ಕಾಸರಗೋಡಿನವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ನಮ್ಮ ಸರಕಾರಿ ಕಾಲೇಜಿನ ಕನ್ನಡ ವಿಭಾಗದ ಹಿಂದೆ ಎಷ್ಟು ಜನರ ಓಡಾಟ ಉಂಟು ಎಂಬುದು ಹಿರಿಯರಿಗೆ ಗೊತ್ತುಂಟು. “ಕನ್ನಡ ಓದಿ ಎಂತ ಮಾಡ್ತಿ?” ಎಂದು ಮನೆಯಲ್ಲಿ ಕೇಳುವ ಪ್ರಶ್ನೆಯೂ ಆ ಬಾಗಿಲಿನ ಮೇಲೆಯೇ ಬೀಳುವ ಭಾರ.

ಸಿದ್ಧಲಿಂಗಯ್ಯನವರ ‘ಊರುಕೇರಿ’ಗೆ ಬರೋಣ. ಕುವೆಂಪು ಪುಸ್ತಕದ ಎದುರಿಗೆ ಇಟ್ಟರೆ ಇದು ಸಣ್ಣ ಪುಸ್ತಕ. ಆಮೇಲೆ ಮುಂದಿನ ಭಾಗಗಳೂ ಬಂದವು. ನಾನು ಹೇಳುವುದು ಮೊದಲ ಭಾಗದ ಬಗ್ಗೆ. ಮಾಗಡಿ ತಾಲೂಕಿನ ಮಂಚನಬೆಲೆಯ ಹುಡುಗ. ಆರಂಭದಲ್ಲೇ ಒಂದು ಚಿತ್ರ ಬರುತ್ತದೆ: ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಉಳುತ್ತಿದ್ದಾರೆ. ನೋಡಲು ಹೋದ ಹುಡುಗನಿಗೆ ಗೊತ್ತಾಗುತ್ತದೆ, ಆ ಇಬ್ಬರಲ್ಲಿ ಒಬ್ಬರು ತನ್ನ ಅಪ್ಪ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಎರಡು ಪುಟ ಕಣ್ಣೀರು ಬರೆಯುತ್ತಿದ್ದರು. ಅಂದೇ ನಾನು ಪ್ರತಿಜ್ಞೆ ಮಾಡಿದೆ ಎಂದು ಒಂದು ಸಾಲು ಸೇರಿಸುತ್ತಿದ್ದರು. ಸಿದ್ಧಲಿಂಗಯ್ಯ ಸೇರಿಸುವುದಿಲ್ಲ. ಮಗು ಕಂಡಷ್ಟನ್ನು ಹೇಳಿ ಮುಂದೆ ಹೋಗುತ್ತಾರೆ. ಅರ್ಥಧಾರಿಯ ಸಂಯಮ ಎಂದೆನಲ್ಲ, ಅದು ಇದೇ.

ಕುಟುಂಬ ಬೆಂಗಳೂರಿಗೆ ಬಂತು, ಶ್ರೀರಾಂಪುರ ಸೇರಿತು. ಹುಡುಗ ಗೋಪಾಲಪುರದ ಹಾಸ್ಟೆಲಿನಲ್ಲಿ ಬೆಳೆದ. ಅವನು ಏನಾಗಬೇಕೆಂದು ಓದಲು ಹೋದ? ಪುಸ್ತಕದಲ್ಲಿ ಹುಡುಕಿದರೆ ಉತ್ತರ ಸಿಗುವುದಿಲ್ಲ. ಅನ್ನ ಉಂಟು, ಮಲಗಲು ಜಾಗ ಉಂಟು, ಜೊತೆಗೆ ತನ್ನಂಥದ್ದೇ ಹುಡುಗರು. ಹಾಗಾಗಿ ಓದು ಮುಂದುವರಿಯಿತು. ಆ ಹಾಸ್ಟೆಲಿನ ಪುಟಗಳು ಈ ಪುಸ್ತಕದ ಜೀವ. ಕಿತಾಪತಿ, ತಮಾಷೆ, ಭಾಷಣದ ಚಟ, ಚಳವಳಿ ಎಲ್ಲ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಸ್ಮಶಾನ ಕೂಡ ಇಲ್ಲಿ ಹೆದರುವ ಜಾಗವಲ್ಲ, ಹುಡುಗ ಹೋಗಿ ಕೂರುವ ಜಾಗ. ಡಿ. ಆರ್. ನಾಗರಾಜ್ ಈ ಪುಸ್ತಕಕ್ಕೆ ಬರೆದ ಹಿನ್ನುಡಿಯ ಹೆಸರೇ ‘ಬಡವರ ನಗುವಿನ ಶಕ್ತಿ’. ಆ ಹೆಸರಿಗಿಂತ ಹೆಚ್ಚಿನದನ್ನು ನಾನು ಸೇರಿಸಬೇಕಾಗಿಲ್ಲ. ಒಂದು ಮಾತು ಮಾತ್ರ: ಈ ನಗು ನೋವನ್ನು ಮುಚ್ಚುವ ಬಟ್ಟೆಯಲ್ಲ. ನಕ್ಕು ಮುಗಿಸಿದ ಮೇಲೆ ಓದುಗನಿಗೆ, ಅಯ್ಯೋ ಇದಕ್ಕೆ ನಕ್ಕೆನಲ್ಲ ಎನ್ನಿಸುತ್ತದೆ.

1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದಕ್ಕೆ ರಾಜ್ಯದಲ್ಲಿ ಗಲಾಟೆ ಎದ್ದಿತಲ್ಲ, ಕಾಲೇಜುಗಳ ಒಳಗೂ ಹೊಡೆದಾಟವಾಯಿತು. ಆಗ ಸಿದ್ಧಲಿಂಗಯ್ಯ ವಿದ್ಯಾರ್ಥಿ. ಎರಡು ವರ್ಷದ ಮೇಲೆ, 1975ರಲ್ಲಿ ‘ಹೊಲೆಮಾದಿಗರ ಹಾಡು’ ಬಂತು. ಯಾವ ಸಾಹಿತ್ಯದ ಹೆಸರಿನಲ್ಲಿ ತನ್ನ ಜನರಿಗೆ ಪೆಟ್ಟು ಬಿತ್ತೋ ಅದೇ ಕನ್ನಡದಲ್ಲಿ ಆ ಹುಡುಗ ಎಂ.ಎ. ಮಾಡಿದ, ಜಿ. ಎಸ್. ಶಿವರುದ್ರಪ್ಪನವರ ಶಿಷ್ಯನಾದ, ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಪ್ರಾಧ್ಯಾಪಕನಾದ. ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದುಂಟು. ವಿದ್ಯಾರ್ಥಿಯಾಗಿದ್ದಾಗ ವಿಚಾರವಾದಿ, ದೇವರು ದಿಂಡರು ಎಂದರೆ ವಾದಕ್ಕೆ ನಿಲ್ಲುವವನು. ಅದೇ ಮನುಷ್ಯ ಮುಂದೆ ಡಾಕ್ಟರೇಟಿಗೆ ಆರಿಸಿಕೊಂಡ ವಿಷಯ ಗ್ರಾಮದೇವತೆಗಳು! ದೇವತೆಗಳನ್ನು ಹಿಡಿದು ತನ್ನ ಜನರ ಸಿಟ್ಟು, ಹಸಿವು, ಕಲ್ಪನೆಗಳನ್ನು ಓದುವ ದಾರಿ ಅವರಿಗೆ ಸಿಕ್ಕಿತ್ತು. ಭೂತ ಕಟ್ಟುವ, ತೆಯ್ಯಂ ಕುಣಿಯುವ ನಮ್ಮ ನಾಡಿನವರಿಗೆ ಇದರಲ್ಲಿ ಕಲಿಯಲಿಕ್ಕೆ ಬೇಕಷ್ಟು ಉಂಟು. ಕೋಲದ ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಕೊಣಾಜೆಗೋ ಕಣ್ಣೂರಿಗೋ ಕ್ಲಾಸಿಗೆ ಹೋಗುವ ಹುಡುಗ, ಹಿಂದಿನ ರಾತ್ರಿ ಮನೆಯಲ್ಲಿ ಕಂಡದ್ದಕ್ಕೂ ಇಂದಿನ ಪಾಠಕ್ಕೂ ಸಂಬಂಧವೇ ಇಲ್ಲ ಎಂದುಕೊಂಡಿರುತ್ತಾನೆ. ಸಂಬಂಧ ಉಂಟು ಎಂದು ತೋರಿಸಿದವರು ಇವರು.

ಪುಸ್ತಕದಲ್ಲಿ ಕೊರತೆ ಇಲ್ಲವೆಂದಲ್ಲ. ಓದಿದ ಓದಿನ ಬಗ್ಗೆ ಬಹಳ ಕಡಿಮೆ. ಯಾವ ಪುಸ್ತಕ ಕೈಗೆ ಬಂದಾಗ ಒಳಗೆ ಏನು ಮುರಿಯಿತು, ಹಳಗನ್ನಡದ ತರಗತಿಯಲ್ಲಿ ಕೂತಾಗ ಕೇರಿಯಿಂದ ಬಂದ ಹುಡುಗನಿಗೆ ಏನನ್ನಿಸಿತು – ಇಂಥದ್ದು ತಿಳಿಯಬೇಕೆಂದರೆ ಪುಸ್ತಕ ಇನ್ನೊಂದು ತಮಾಷೆ ಹೇಳಿ ಜಾರಿಕೊಳ್ಳುತ್ತದೆ. ಅಮ್ಮನ ದುಡಿತವೂ ಹೀಗೇ ಬೇಗ ದಾಟಿಹೋಗುತ್ತದೆ. ಹೇಳುವ ಹದ ಗೊತ್ತಿದ್ದವರು ಇನ್ನೂ ನಾಲ್ಕು ಪುಟ ನಿಲ್ಲಬಹುದಿತ್ತು ಎಂಬುದು ನನ್ನ ತಕರಾರು.

‘ಭಿತ್ತಿ’ 1996ರಲ್ಲಿ ಬಂದದ್ದು. ಮೂರರಲ್ಲಿ ಕೈಯಿಂದ ಕೆಳಗಿಡಲು ಆಗದ ಪುಸ್ತಕ ಇದು, ಅದನ್ನು ಒಪ್ಪಲೇಬೇಕು. ಹಾಸನ ಜಿಲ್ಲೆಯ ಸಂತೇಶಿವರ, ಪ್ಲೇಗಿನಲ್ಲಿ ಮನೆಯವರ ಸಾವು, ವಾರಾನ್ನ, ಟೆಂಟು ಸಿನೆಮಾದ ಬಾಗಿಲು ಕಾಯುವುದು, ಮುಂಬಯಿಯಲ್ಲಿ ರೈಲ್ವೆ ಕೂಲಿ, ಸಾಧುಗಳ ಜೊತೆ ಅಲೆದಾಟ. ತಮ್ಮನ ಹೆಣವನ್ನು ಹೆಗಲ ಮೇಲೆ ಹೊತ್ತು ಸುಡಲು ಹೋಗುವ ಭಾಗ ಓದಿದವರು ಅದನ್ನು ಮರೆಯಲಾರರು. ಇಂಥ ಹುಡುಗ ಕಾಲೇಜಿಗೆ ಬಂದಾಗ ಕೈಯಲ್ಲಿ ಒಂದು ಪ್ರಶ್ನೆ ಇತ್ತು: ಸಾವು ಎಂದರೇನು? ಅದಕ್ಕಾಗಿ ತತ್ತ್ವಶಾಸ್ತ್ರ ಆರಿಸಿಕೊಂಡ. ಹೊಟ್ಟೆಗೆ ಇಲ್ಲದವನು ಕೆಲಸ ಸಿಗುವ ವಿಷಯ ಬಿಟ್ಟು ತತ್ತ್ವಶಾಸ್ತ್ರ ಓದುವುದೆಂದರೆ ಆ ಕಾಲದಲ್ಲೂ ಜನ ನಕ್ಕಾರು, ಈಗಲೂ ನಕ್ಕಾರು. ಚಿನ್ನದ ಪದಕದೊಂದಿಗೆ ಎಂ.ಎ. ಆಯಿತು, ಬರೋಡದಲ್ಲಿ ಸತ್ಯ ಮತ್ತು ಸೌಂದರ್ಯದ ಬಗ್ಗೆ ಪಿಎಚ್.ಡಿ.; ಹುಬ್ಬಳ್ಳಿ, ಗುಜರಾತು, ದಿಲ್ಲಿ ಸುತ್ತಿ ಮೈಸೂರಿಗೆ ಬಂದು ನೆಲೆಸಿದರು.

ನನ್ನ ಹಿಂಜರಿಕೆ ಇರುವುದು ಬೇರೆ ಕಡೆ. ಭೈರಪ್ಪನವರ ಕಥನದಲ್ಲಿ ಎಲ್ಲವೂ ಒಬ್ಬನ ಹಟದಿಂದ ಆದ ಹಾಗೆ ಕಾಣುತ್ತದೆ. ಸಹಾಯ ಮಾಡಿದವರ ಹೆಸರು ಇವೆ, ಋಣವನ್ನೂ ಒಪ್ಪಿದ್ದಾರೆ. ಆದರೂ ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವುದು ಒಬ್ಬಂಟಿ ಮನುಷ್ಯ ಮತ್ತು ಅವನನ್ನು ಬೀಳಿಸಲು ನೋಡಿದ ಲೋಕ. ಎದುರು ಸಿಕ್ಕಿದವರನ್ನು ತಕ್ಕಡಿಯಲ್ಲಿ ಇಟ್ಟು ತೂಗುವ ಅಭ್ಯಾಸವೂ ಲೇಖಕರಿಗೆ ಉಂಟು, ತೂಕದಲ್ಲಿ ಹೆಚ್ಚಿನವರು ಕಡಿಮೆಯೇ ಬರುತ್ತಾರೆ. ನಗು ಅಪರೂಪ. ಇದನ್ನು ಹದಿನೇಳರ ಹುಡುಗನ ಕೈಗೆ ಕೊಟ್ಟರೆ ಅವನು ಕಲಿಯುವುದೆಂತ? ಹಟ ಇದ್ದವನಿಗೆ ಯಾರೂ ಬೇಡ ಎಂದು. ವಾರಾನ್ನ ಎಂದರೆ ವಾರದ ಏಳು ದಿನ ಏಳು ಮನೆಯವರು ಒಂದು ಎಲೆ ಹೆಚ್ಚು ಹಾಕಿದ್ದು ಎಂಬುದನ್ನು ಓದುಗ ತಾನೇ ನೆನಪಿಟ್ಟುಕೊಳ್ಳಬೇಕು. ಕೊಟ್ಟ ಅನ್ನದ ಜೊತೆ ಅವಮಾನವೂ ಇದ್ದಿತು, ಸರಿ. ಎರಡನ್ನೂ ಒಂದೇ ಉಸಿರಿನಲ್ಲಿ ಹಿಡಿಯುವುದು ಸಿದ್ಧಲಿಂಗಯ್ಯನವರಿಗೆ ಸಾಧ್ಯವಾದಷ್ಟು ಇವರಿಗೆ ಆಗಿಲ್ಲ. ಆದರೆ ಆ ಪ್ರಶ್ನೆ ಮಾತ್ರ ದೊಡ್ಡದು. ಉತ್ತರ ಸಿಗಲಿಲ್ಲವೆಂದು ಅದನ್ನು ಬಿಸಾಡಲಿಲ್ಲ, ಕಾದಂಬರಿಗಳಿಗೆ ಹೊತ್ತುಕೊಂಡು ಹೋದರು. 1970ರ ‘ಗೃಹಭಂಗ’ ಓದಿದವರಿಗೆ ಆ ಹೊರೆ ಎಷ್ಟು ಭಾರದ್ದು ಎಂದು ಗೊತ್ತುಂಟು.

ಈಗ ಮೂವರನ್ನೂ ಪಕ್ಕದಲ್ಲಿ ಕೂರಿಸಿ ನೋಡಿ. ಒಬ್ಬ ತಂದದ್ದು ಮುರಿದುಹೋಗುವ ಗುರಿ, ಒಬ್ಬ ತಂದದ್ದು ಪ್ರಶ್ನೆ, ಒಬ್ಬ ತಂದದ್ದು ಬರೀ ಹಸಿವು ಮತ್ತು ಚುರುಕು ನಾಲಗೆ. ಗುರಿ ಎಂದರೆ ದೂರದಲ್ಲಿ ನಿಲ್ಲಿಸಿದ ಕಂಬ, ಓಡಿ ಮುಟ್ಟಬೇಕು. ಇವರಿಗೆ ಸಿಕ್ಕಿದ್ದು ದಿಕ್ಕು – ಯಾವ ಕಡೆ ಮುಖ ಮಾಡಿ ನಿಲ್ಲಬೇಕು ಎಂಬಷ್ಟೇ ತಿಳುವಳಿಕೆ. ಅದೂ ಸಿಕ್ಕಿದ್ದು ಬಹುಪಾಲು ಪಾಠದ ಹೊತ್ತಿನ ಹೊರಗೆ: ಆಶ್ರಮದ ಊಟದಲ್ಲಿ, ಹಾಸ್ಟೆಲಿನ ಜಗಳದಲ್ಲಿ, ಯಾರೋ ಪರದೇಶದವರು ಹೇಳಿದ ಒಲ್ಲದ ಮಾತಿನಲ್ಲಿ. ತರಗತಿ ಬೇಡ ಎಂದು ಇದರ ಅರ್ಥ ಮಾಡಬಾರದು. ವೆಂಕಣ್ಣಯ್ಯನವರ, ಶಿವರುದ್ರಪ್ಪನವರ ತರಗತಿ ಇಲ್ಲದಿದ್ದರೆ ಆ ದಿಕ್ಕಿಗೆ ನಡೆಯುವ ಕಾಲು ಬರುತ್ತಿರಲಿಲ್ಲ. ನಮ್ಮ ಮೇಷ್ಟ್ರುಗಳಿಗೆ ಇದು ಸಮಾಧಾನವೂ ಹೌದು, ಕೆಲಸವೂ ಹೌದು.

ಆದರೆ ಈ ಕಪಾಟಿನಲ್ಲಿ ಒಂದು ದೊಡ್ಡ ಖಾಲಿ ಜಾಗ ಉಂಟು. ಮೂರೂ ಗಂಡುಮಕ್ಕಳ ಕಥೆ. ಸನ್ಮಾನಕ್ಕೆ ಬಂದು ಎದುರು ಸಾಲಿನಲ್ಲಿ ಕೂತಿರುವವರಲ್ಲಿ ಹುಡುಗಿಯರು ಎಷ್ಟು ಮಂದಿ ಎಂದು ಒಮ್ಮೆ ನೋಡಿ. ಅವರಿಗೆ ಯಾವ ಪುಸ್ತಕ ಕೊಡುವುದು? ಕೇರಿಯಿಂದ ಸ್ಮಶಾನಕ್ಕೆ ಹೋಗಿ ಕೂರುವುದು, ಮುಂಬಯಿಗೆ ಓಡಿಹೋಗುವುದು, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಬ್ಬನೇ ತಿರುಗುವುದು – ಇವು ಹುಡುಗಿಗೆ ದಕ್ಕುವ ದಾರಿಗಳಲ್ಲ, ಆಗ ಅಂತೂ ಅಲ್ಲವೇ ಅಲ್ಲ. ನಮ್ಮ ಊರಿನವರೇ ಆದ ಸಾರಾ ಅಬೂಬಕ್ಕರ್ ಅವರನ್ನು ನೆನೆಯದೆ ಈ ಮಾತು ಪೂರ್ತಿಯಾಗದು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ತನ್ನ ಸಮುದಾಯದಲ್ಲಿ ಶಾಲೆಯ ಓದು ಮುಗಿಸಿದ ಮೊದಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರಾದವರು. ಮುಂದೆ ಓದುವ ಆಸೆ ಇತ್ತು, ಬಿಡಲಿಲ್ಲ. ಮದುವೆಯಾಯಿತು. ಒಂದು ಗ್ರಂಥಾಲಯದ ಸದಸ್ಯತ್ವ ಪಡೆಯಲು ಅವರಿಗೆ ಸಾಧ್ಯವಾದದ್ದು 1963ರಲ್ಲಿ. ಆಗ ಇಪ್ಪತ್ತೇಳರ ಆಸುಪಾಸು. ಕುವೆಂಪು ಆ ವಯಸ್ಸಿಗೆ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ‘ಚಂದ್ರಗಿರಿಯ ತೀರದಲ್ಲಿ’ ಪುಸ್ತಕವಾದದ್ದು 1984ರಲ್ಲಿ. ಲೆಕ್ಕ ಹಾಕಿದರೆ ಗ್ರಂಥಾಲಯದ ಆ ಚೀಟಿಗೂ ಕಾದಂಬರಿಗೂ ನಡುವೆ ಇಪ್ಪತ್ತೊಂದು ವರ್ಷ. ಅವರ ಆತ್ಮಕಥೆ ‘ಹೊತ್ತು ಕಂತುವ ಮುನ್ನ’. ಆ ಮೂರು ಪುಸ್ತಕಗಳ ಪಕ್ಕದಲ್ಲಿ ಇದನ್ನು ಇಡಲೇಬೇಕು, ಕಾಲೇಜು ಕಾಣದಿದ್ದ ಒಬ್ಬರ ಪುಸ್ತಕ ಎಂಬ ಕಾರಣಕ್ಕಾಗಿಯೇ.

ಮಂಜೇಶ್ವರದ ಗೋವಿಂದ ಪೈಗಳೂ ಪದವಿ ಮುಗಿಸಿದವರಲ್ಲ. ಮದರಾಸಿನಲ್ಲಿ ಬಿ.ಎ. ಪರೀಕ್ಷೆಯ ಹೊತ್ತಿಗೆ ತಂದೆ ತೀರಿಕೊಂಡರು, ಬಿಟ್ಟು ಬಂದರು. ಮನೆಯಲ್ಲೇ ಪುಸ್ತಕ ಕೂಡಿಸಿ ಭಾಷೆಗಳನ್ನು ಕಲಿತರು. 1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. ಇಬ್ಬರನ್ನೂ ಹೋಲಿಸಿ, ನೋಡಿ ಕಾಲೇಜು ಇಲ್ಲದೆಯೂ ಆಗುತ್ತದೆ ಎಂದು ಭಾಷಣ ಮಾಡುವವರಿದ್ದಾರೆ. ಅದು ಸಮ ಅಲ್ಲ. ಪೈಗಳಿಗೆ ಮನೆ ತುಂಬ ಪುಸ್ತಕ ತರಿಸುವ ಅನುಕೂಲ ಇತ್ತು. ಸಾರಾ ಅವರಿಗೆ ಒಂದು ಚೀಟಿಗೆ ಅಷ್ಟು ವರ್ಷ ಬೇಕಾಯಿತು. ಬಿಟ್ಟುಹೋದ ಕಾಲೇಜಿಗೆ ಒಬ್ಬೊಬ್ಬರು ಕೊಟ್ಟ ಬೆಲೆ ಬೇರೆ ಬೇರೆ.

ಹಾಗಾದರೆ ಬರುವ ವರ್ಷ ಮಕ್ಕಳಿಗೆ ಎಂತ ಕೊಡುವುದು ಎಂದು ಸಮಿತಿಯವರು ಕೇಳಿದರೆ ನನ್ನ ಅಭಿಪ್ರಾಯ ಇಷ್ಟು. ಪ್ಲಸ್ ಟು ಮುಗಿಸಿ ಹಾಸ್ಟೆಲಿಗೆ ಹೋಗುವವರಿಗೆ ‘ಊರುಕೇರಿ’ ಕೊಡಿ. ಸಣ್ಣದು, ಅಗ್ಗದ್ದು, ಬಸ್ಸಿನಲ್ಲಿ ಓದಿ ಮುಗಿಯುತ್ತದೆ, ಪಕ್ಕದ ಮಂಚದವನಿಗೂ ಕೊಡಬಹುದು. ‘ನೆನಪಿನ ದೋಣಿಯಲ್ಲಿ’ ಯಾರಿಗೂ ಕೊಡುವುದು ಬೇಡ, ವಾಚನಾಲಯದಲ್ಲೇ ಇರಲಿ. ಓಣಂ ರಜೆಯಲ್ಲಿ ಊರಿಗೆ ಬಂದವರು ದಿನಚರಿಯ ಪುಟಗಳನ್ನು ಹುಡುಕಿ ಓದಲಿ. ಮೇಷ್ಟ್ರುಗಳು ಆ ಪುಟಗಳಿಗೆ ಕಾಗದದ ಗುರುತು ಇಟ್ಟರೆ ಇನ್ನೂ ಒಳ್ಳೆಯದು. ‘ಭಿತ್ತಿ’ ಡಿಗ್ರಿಯ ಎರಡನೇ ವರ್ಷ ಕಳೆದ ಮೇಲೆ ಸಾಕು. ‘ಹೊತ್ತು ಕಂತುವ ಮುನ್ನ’ ಮಕ್ಕಳಿಗಿಂತ ಮೊದಲು ಅಪ್ಪ ಅಮ್ಮಂದಿರು ಓದಲಿ.

ಇನ್ನು ಕನ್ನಡ ಮಾಧ್ಯಮದಲ್ಲಿ ಹತ್ತು ಓದಿ, ಪ್ಲಸ್ ಟುವಿನಲ್ಲಿ ಇಂಗ್ಲಿಷಿಗೆ ಬಿದ್ದು, ಡಿಗ್ರಿಗೆ ಮಲಯಾಳ ಮಾತಾಡುವ ಹಾಸ್ಟೆಲ್ ಸೇರಿ, ಮನೆಗೆ ಫೋನು ಮಾಡುವಾಗ ತುಳುವಿಗೋ ಬ್ಯಾರಿಗೋ ಮರಾಟಿಗೋ ತಿರುಗುವ ನಮ್ಮ ಕಡೆಯ ಒಬ್ಬ ಹುಡುಗಿ ಬರೆದ ಕಾಲೇಜಿನ ಪುಸ್ತಕ. ಅಂಥದ್ದೊಂದು ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ದಿನಚರಿ ಯಾವ ಭಾಷೆಯಲ್ಲಿ ಬರೆಯುತ್ತಾಳೆ ಅವಳು? ಅದನ್ನು ತಿಳಿಯುವ ಕುತೂಹಲ ನನಗುಂಟು.